ಪಹಣಿಯಲ್ಲಿ ಇಲ್ಲದ ಕಾಡು: ಡೀಮ್ಡ್ ಅರಣ್ಯ ಉಳಿಯಬೇಕೇ?

ಅರಣ್ಯ ಇಲಾಖೆಯ ಹೆಸರಿನಲ್ಲಿಲ್ಲ, ಯಾವ ಅಧಿಸೂಚನೆಯೂ ಆಗಿಲ್ಲ, ಆದರೆ ಹೋಗಿ ನಿಂತರೆ ಕಾಡು. ಇಂಥ ಸರ್ಕಾರಿ ಜಮೀನು ಕರ್ನಾಟಕದಲ್ಲಿ ಬೇಕಾದಷ್ಟಿದೆ. ಕಂದಾಯ ದಾಖಲೆಯಲ್ಲಿ ಅದಕ್ಕೆ ನಾನಾ ಹೆಸರು: ಗೋಮಾಳ, ಕಾನು, ಸೊಪ್ಪಿನ ಬೆಟ್ಟ, ಬಾಣೆ, ಕುಮ್ಕಿ, ಹಾಡಿ, ಕಾವಲು, ಖರಾಬು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಆದೇಶ ಮಾಡಿತು. ನಿಘಂಟಿನ ಅರ್ಥದಲ್ಲಿ ಕಾಡಾಗಿದ್ದರೆ ಸಾಕು, ಒಡೆಯ ಯಾರೇ ಆಗಿರಲಿ, 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಅದಕ್ಕೆ ಅನ್ವಯಿಸುತ್ತದೆ; ಪ್ರತಿ ರಾಜ್ಯವೂ ತಜ್ಞರ ಸಮಿತಿ ಮಾಡಿ ಅಂಥ ಜಾಗ ಗುರುತಿಸಬೇಕು ಎಂದು. ನಮ್ಮ ರಾಜ್ಯದ ಲೆಕ್ಕ 9.94 ಲಕ್ಷ ಹೆಕ್ಟೇರ್‌ಗೆ ಬಂದು ನಿಂತಿತು. ಅದಕ್ಕೇ ಡೀಮ್ಡ್ ಅರಣ್ಯ ಅನ್ನುವುದು. 2022ರಲ್ಲಿ ಸರ್ಕಾರ ಅದರಲ್ಲಿ 3.30 ಲಕ್ಷ ಹೆಕ್ಟೇರ್ ಮಾತ್ರ ಇಟ್ಟುಕೊಂಡು ಉಳಿದ 6.64 ಲಕ್ಷವನ್ನು ಕಂದಾಯಕ್ಕೆ ಬಿಟ್ಟುಕೊಡಲು ತೀರ್ಮಾನಿಸಿತು.

ಅಷ್ಟಕ್ಕೆ ಮುಗಿಯಲಿಲ್ಲ. 2023ರಲ್ಲಿ ಕೇಂದ್ರ ಸರ್ಕಾರ ಕಾಯ್ದೆಗೇ ತಿದ್ದುಪಡಿ ತಂದು, ಅಧಿಸೂಚನೆಯಾದ ಕಾಡು ಮತ್ತು 1980ರ ಅಕ್ಟೋಬರ್ 25ರ ನಂತರದ ಸರ್ಕಾರಿ ದಾಖಲೆಯಲ್ಲಿ ಕಾಡೆಂದು ಬರೆದಿರುವುದು, ಇವೆರಡಕ್ಕೇ ಕಾನೂನನ್ನು ಸೀಮಿತಗೊಳಿಸಿತು. ಅದು ಕೋರ್ಟಿಗೆ ಹೋಯಿತು. 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ಸದ್ಯಕ್ಕೆ ಹಳೆಯ ಅರ್ಥವೇ ನಡೆಯಲಿ ಎಂದಿತು. 2025ರ ಮಾರ್ಚ್‌ನಲ್ಲಿ ರಾಜ್ಯಗಳು ಮತ್ತೆ ತಜ್ಞರ ಸಮಿತಿ ಮಾಡಬೇಕೆಂದು ಹೇಳಿತು. ಹಾಗಾಗಿ ಮೂವತ್ತು ವರ್ಷದ ಹಿಂದಿನ ಪ್ರಶ್ನೆ ಮತ್ತೆ ಮೊದಲಿನ ಜಾಗಕ್ಕೇ ಬಂದಿದೆ: ಕಾಡಿನ ಲಕ್ಷಣವಿರುವ ಕಂದಾಯ ಭೂಮಿಯನ್ನೆಲ್ಲ ಡೀಮ್ಡ್ ಅರಣ್ಯವೆಂದು ಹಿಡಿದಿಡಬೇಕೇ?

ಎರಡೂ ಕಡೆಯ ವಾದವನ್ನು ನಾನೇ ಬರೆದಿದ್ದೇನೆ. ನನ್ನ ಒಲವು ಯಾವ ಕಡೆಗೆ ಎಂಬುದು ಓದಿದವರಿಗೆ ಗೊತ್ತಾದೀತು. ಮುಚ್ಚಿಡಲು ಹೋಗಿಲ್ಲ.

ಪರ: ಮೊದಲು ಹಿಡಿದಿಡಿ, ಆಮೇಲೆ ನೋಡಿ ಬಿಡಿ

1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಇಬ್ಬರು ಬ್ರಿಟಿಷ್ ಸರ್ಕಾರದ ಅಧಿಕಾರಿಗಳು ಸೊರಬ ಸೀಮೆಯನ್ನು ಸುತ್ತಿ ಅಲ್ಲಿನ ಕಾನುಗಳ ಪಟ್ಟಿ ಮಾಡಿದರು. 171 ಕಾನುಗಳು, ಸುಮಾರು 32 ಸಾವಿರ ಎಕರೆ. ಒಂದು ತಾಲ್ಲೂಕಿನಲ್ಲಿ. ಸುತ್ತ ಎಲೆ ಉದುರುವ ಕಾಡು, ಗದ್ದೆ, ಬಯಲು. ನಡುನಡುವೆ ವರ್ಷವಿಡೀ ಹಸಿರಾಗಿರುವ ಈ ಕಾನುಗಳು. ಒಳಗೆ ರಾಂಪತ್ರೆ, ಹೈಗ, ಬೈನೆ, ಉಪ್ಪಾಗೆ, ಮರ ಹಬ್ಬಿದ ಕಾಡು ಮೆಣಸು. ಎಲ್ಲೋ ಒಂದು ಮೂಲೆಯಲ್ಲಿ ಚೌಡಿಯದೋ ಭೂತಪ್ಪನದೋ ಕಲ್ಲು. ಕಾನಿನ ಅಡಿಯಿಂದ ಹೊರಟ ನೀರು ಕೆಳಗಿನ ಕೆರೆ ತುಂಬಿ ಗದ್ದೆಗೆ ಬರುತ್ತಿತ್ತು. ಊರಿನವರು ಕಾನಿಗೆ ಕೈ ಹಾಕದಿರಲು ದೇವರ ಭಯ ಒಂದು ಕಾರಣ. ಕಾನು ಹೋದರೆ ಗದ್ದೆಗೆ ನೀರಿಲ್ಲ ಎಂಬ ಲೆಕ್ಕಾಚಾರ ಇನ್ನೊಂದು.

ಈ ಕಾನುಗಳಲ್ಲಿ ಎಷ್ಟೋ ಕಂದಾಯ ಇಲಾಖೆಯ ಸುಪರ್ದಿಯಲ್ಲೇ ಉಳಿದವು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಮಿನಲ್ಲಿ ಹಳೇ ಮೈಸೂರು ಭಾಗದ ಕಾನು ಮತ್ತು ಸೊಪ್ಪಿನ ಬೆಟ್ಟ, ಉತ್ತರ ಕನ್ನಡದ ಬೆಟ್ಟ ಮತ್ತು ಹಾಡಿ, ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾಣೆ, ಕೊಡಗಿನ ಜಮ್ಮಾ ಬಾಣೆ ಎಲ್ಲವೂ ಬರುತ್ತವೆ. ಆದರೆ ಊರವರ ಸವಲತ್ತಾಗಿ, ಕಾಡಾಗಿ ಅಲ್ಲ. ಕಂದಾಯ ಇಲಾಖೆಯ ಕಣ್ಣಿಗೆ ಜಮೀನು ಎಂದರೆ ಎರಡೇ ಬಗೆ: ಯಾರಿಗಾದರೂ ಮಂಜೂರಾದದ್ದು, ಇನ್ನೂ ಮಂಜೂರಾಗದ್ದು. ಕಾನು ಎರಡನೆಯ ಗುಂಪಿಗೆ ಸೇರಿದೆ. ಅದರ ಕಷ್ಟವೆಲ್ಲ ಇಷ್ಟರಲ್ಲೇ ಇದೆ.

ಮಂಜೂರಾತಿ ಹೇಗೆ ನಡೆಯುತ್ತದೆ ಎಂಬುದನ್ನು ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಮೊದಲ ವರ್ಷ ಕಾನಿನ ಅಂಚಿನಲ್ಲಿ ಒಂದು ಅಗಳ ತೋಡುತ್ತಾರೆ. ಎರಡನೇ ವರ್ಷ ಅಗಳದ ಒಳಗಿನ ಪೊದೆ ಸವರುತ್ತಾರೆ. ದೊಡ್ಡ ಮರ ಕಡಿದರೆ ಕೇಸಾಗುತ್ತದೆ, ಅದಕ್ಕೆ ಬುಡದ ಸಿಪ್ಪೆ ಸುತ್ತ ಸುಲಿದು ಬಿಡುತ್ತಾರೆ, ಮರ ತಾನಾಗಿ ಒಣಗುತ್ತದೆ. ಮೂರನೇ ವರ್ಷ ಶುಂಠಿ. ಆಮೇಲೆ ಅಡಿಕೆ ಸಸಿ. ಅಡಿಕೆ ಫಸಲಿಗೆ ಬರುವ ಹೊತ್ತಿಗೆ ಬಗರ್ ಹುಕುಂ ಅರ್ಜಿ, ಅಂದರೆ ಸಾಗುವಳಿ ಮಾಡಿದ ಸರ್ಕಾರಿ ಜಮೀನನ್ನು ಸಕ್ರಮ ಮಾಡಿಕೊಡಿ ಎಂದು. ನಮೂನೆ 50 ಇತ್ತು, ಅದರ ಗಡುವು ಮುಗಿಯಿತು. ನಮೂನೆ 53 ಬಂತು, ಅದೂ ಮುಗಿಯಿತು. ನಮೂನೆ 57 ಬಂತು. ಪ್ರತಿ ಗಡುವೂ ಕೊನೆಯದೇ. ಇದರಲ್ಲಿ ನಿಜವಾದ ಬಡವರು ಇದ್ದಾರೆ, ಇಲ್ಲ ಎನ್ನುವುದಿಲ್ಲ. ಆದರೆ ಇಪ್ಪತ್ತು ಎಕರೆ ತೋಟವಿದ್ದೂ ಇನ್ನೆರಡು ಎಕರೆ ಬೇಲಿ ಮುಂದೂಡಿದವರೂ ಅದೇ ಸಾಲಿನಲ್ಲಿ ನಿಂತಿದ್ದಾರೆ.

ಡೀಮ್ಡ್ ಅರಣ್ಯ ಎಂಬ ಹಣೆಪಟ್ಟಿ ಇಲ್ಲಿ ಏನು ಮಾಡುತ್ತದೆ? ಒಂದು ತಡೆ ಹಾಕುತ್ತದೆ. 1980ರ ಕಾಯ್ದೆಯ 2ನೇ ಕಲಮಿನ ಪ್ರಕಾರ ಕಾಡನ್ನು ಕಾಡಲ್ಲದ ಕೆಲಸಕ್ಕೆ ಬಳಸಬೇಕಾದರೆ ಕೇಂದ್ರದ ಮುಂಗಡ ಒಪ್ಪಿಗೆ ಬೇಕು. ಅದು ನಿಷೇಧವಲ್ಲ. ರಸ್ತೆಗೆ ಬೇಕೇ, ಶಾಲೆಗೆ ಬೇಕೇ, ಕೇಳಿ. ಕಾಡಿನ ಬೆಲೆ ಕಟ್ಟಿ, ಬದಲಿ ಜಾಗದಲ್ಲಿ ಗಿಡ ನೆಡಿ, ತೆಗೆದುಕೊಳ್ಳಿ. ಈ ತಡೆ ಇಲ್ಲದಿದ್ದರೆ ಒಂದು ಕಾವಲನ್ನೋ ಕಾನನ್ನೋ ಮುಗಿಸಲು ಜಿಲ್ಲಾ ಮಟ್ಟದ ಒಂದು ಕಡತ ಸಾಕು.

ಚಳ್ಳಕೆರೆಯನ್ನು ನೆನಪಿಸಿಕೊಳ್ಳಿ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ ಎಂಬ ಅರಮನೆಯ ದನಗಳ ಇಲಾಖೆ, ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆದದ್ದು, ಆ ದನಗಳಿಗೆಂದು ಮೀಸಲಿಟ್ಟ ಹುಲ್ಲುಗಾವಲುಗಳೇ ಇಲ್ಲಿನ ಕಾವಲುಗಳು. ದೊಡ್ಡ ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳ ಸುತ್ತ ಸುಮಾರು 10,000 ಎಕರೆ ರಕ್ಷಣಾ ಸಂಶೋಧನೆಗೆ, ಅಣು ಸಂಸ್ಥೆಗೆ, ಇಸ್ರೊಗೆ, ವಿಜ್ಞಾನ ಸಂಸ್ಥೆಗೆ ಹಂಚಿಕೆಯಾಯಿತು. ಕುರಿ ಕಾಯುವವರಿಗೆ ಇದು ಗಟ್ಟಿಯಾಗಿ ತಿಳಿದದ್ದು ಗೋಡೆ ಏಳತೊಡಗಿದಾಗ. ಹಸಿರು ನ್ಯಾಯಮಂಡಳಿಗೆ ಪ್ರಕರಣ ಹೋಗುವ ಹೊತ್ತಿಗೆ ಅರ್ಧ ಕೆಲಸ ಆಗಿತ್ತು. ದಾಖಲೆಯಲ್ಲಿ ಅದು ಸರ್ಕಾರಿ ಭೂಮಿ, ಖಾಲಿ ಬಿದ್ದದ್ದು. ಕೃಷ್ಣಮೃಗ, ತೋಳ, ಒಂದು ಕಾಲಕ್ಕೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಓಡಾಡಿದ ಜಾಗಕ್ಕೆ 'ಖಾಲಿ' ಎಂದು ಬರೆಯಲು ಯಾವ ಸಮೀಕ್ಷೆಯೂ ಬೇಕಾಗಲಿಲ್ಲ. 2025ರ ಏಪ್ರಿಲ್‌ನಲ್ಲಿ ಹೈದರಾಬಾದಿನ ಕಂಚ ಗಚ್ಚಿಬೌಲಿಯಲ್ಲೂ ಇದೇ ಕಥೆ: ರಾಜ್ಯ ಸರ್ಕಾರದ 400 ಎಕರೆ, ಕಡತದಲ್ಲಿ ಕಾಡಲ್ಲ, ರಜೆಯ ದಿನಗಳಲ್ಲಿ ಜೆಸಿಬಿ ಇಳಿಯಿತು. ಸುಪ್ರೀಂ ಕೋರ್ಟ್ ತಾನಾಗಿ ಮಧ್ಯೆ ಬರುವಷ್ಟರಲ್ಲಿ ನೂರು ಎಕರೆಯಷ್ಟು ಬೋಳಾಗಿತ್ತು.

ಈಗ 6.64 ಲಕ್ಷ ಹೆಕ್ಟೇರ್‌ಗೆ ಬರೋಣ. ಕೊಡಗು ಜಿಲ್ಲೆಯ ಪೂರ್ತಿ ವಿಸ್ತೀರ್ಣ ಸುಮಾರು 4.1 ಲಕ್ಷ ಹೆಕ್ಟೇರ್. ಅಂದರೆ ಕೈಬಿಟ್ಟದ್ದು ಒಂದೂವರೆ ಕೊಡಗಿಗಿಂತ ಹೆಚ್ಚು. ಪಟ್ಟಿಯಲ್ಲಿ ಊರು, ಶಾಲೆ, ಗದ್ದೆ, ಕಚೇರಿ ಎಲ್ಲ ಸೇರಿಹೋಗಿವೆ, ಅದಕ್ಕೇ ಬಿಡುತ್ತಿದ್ದೇವೆ ಎಂದು ಸರ್ಕಾರ ಹೇಳಿತು. ಸೇರಿರಬಹುದು, ತೆಗೆಯಲಿ. ಆದರೆ ಮೂರರಲ್ಲಿ ಎರಡು ಪಾಲು ಊರು, ಶಾಲೆಯೇ? ಯಾವ ಸರ್ವೆ ನಂಬರಿಗೆ ಯಾರು ಹೋಗಿದ್ದರು, ಏನು ಕಂಡರು, ಯಾಕೆ ಬಿಟ್ಟರು ಎಂದು ಪ್ರತಿ ತುಂಡಿಗೂ ಉತ್ತರ ಇರಬೇಕು. ಒಟ್ಟು ಮೊತ್ತ ಹೇಳಿದರೆ ಅದು ಉತ್ತರವಾಗುವುದಿಲ್ಲ.

ಅಮೆರಿಕದಲ್ಲಿ ಇದೇ ಪ್ರಶ್ನೆ ಬಂದಾಗ ಅವರು ಮಾಡಿದ ಒಂದು ಏರ್ಪಾಡು ನನಗೆ ಸರಿಕಾಣುತ್ತದೆ. 1976ರ ಕಾನೂನಿನಲ್ಲಿ, ಭೂ ನಿರ್ವಹಣಾ ಇಲಾಖೆಯ ಕೈಯಲ್ಲಿರುವ 5,000 ಎಕರೆಗೆ ಮೇಲ್ಪಟ್ಟ, ರಸ್ತೆಯಿಲ್ಲದ ಜಾಗಗಳನ್ನೆಲ್ಲ 15 ವರ್ಷದೊಳಗೆ ಒಂದೊಂದಾಗಿ ಪರಿಶೀಲಿಸಿ, ವನ್ಯಪ್ರದೇಶವಾಗಿ ಉಳಿಸಲು ತಕ್ಕದ್ದು ಯಾವುದು ಎಂದು ಹೇಳಿ ಎಂದರು. ಮುಖ್ಯವಾದದ್ದು ಮುಂದಿನ ಮಾತು: ಪರಿಶೀಲನೆ ಮುಗಿದು ಸಂಸತ್ತು ತೀರ್ಮಾನಿಸುವವರೆಗೆ ಆ ಜಾಗದ ಗುಣ ಕೆಡದಂತೆ ಇಲಾಖೆ ಕಾಯಬೇಕು. ಉಳಿಸುವುದಿರಲಿ, ಕೈಬಿಡುವುದಿರಲಿ, ತೀರ್ಮಾನ ಸಂಸತ್ತಿನದು, ಅಧಿಕಾರಿಯದಲ್ಲ. ಇವತ್ತಿಗೂ ಸಂಸತ್ತು ತೀರ್ಮಾನ ಮಾಡದ ಎಷ್ಟೋ ಜಾಗ ಹಾಗೇ ಕಾಪಿನಲ್ಲಿವೆ. ನಾವು ಉಲ್ಟಾ ಮಾಡಿದೆವು. ಮೊದಲು ಬಿಟ್ಟುಬಿಡೋಣ, ಬೇಕಾದರೆ ಆಮೇಲೆ ನೋಡೋಣ ಎಂದೆವು. ಕಡಿದ ಕಾನನ್ನು ಆಮೇಲೆ ನೋಡಲು ಹೋದರೆ ಸಿಗುವುದು ಶುಂಠಿ ಪಟ್ಟೆ.

ಹೆಸರಘಟ್ಟದ ಹುಲ್ಲುಗಾವಲು ಈ ಕಾಯುವಿಕೆಗೆ ಒಳ್ಳೆಯ ಉದಾಹರಣೆ. ಮರ ಎಣಿಸಿದರೆ ಅದು ಏನೂ ಅಲ್ಲ. ಫಿಲಂ ಸಿಟಿಯ ಪ್ರಸ್ತಾಪವೂ ಅಲ್ಲಿಗೆ ಬಂದಿತ್ತು. ಹಕ್ಕಿ ನೋಡುವವರು, ಸುತ್ತಮುತ್ತಲಿನವರು, ಕೋರ್ಟು ಎಲ್ಲ ಸೇರಿ ಎಳೆದಾಡಿ, ಕೊನೆಗೆ 2024ರಲ್ಲಿ ಸುಮಾರು 5,678 ಎಕರೆ ಸಂರಕ್ಷಣಾ ಮೀಸಲು ಆಯಿತು. ಅಷ್ಟು ವರ್ಷ ಯಾರಾದರೂ ಹಿಡಿದಿಡದಿದ್ದರೆ ಮೀಸಲು ಮಾಡಲು ಜಾಗವೇ ಇರುತ್ತಿರಲಿಲ್ಲ. ಬೆಂಗಳೂರಿನ ಪಕ್ಕದಲ್ಲಿದೆ, ಕ್ಯಾಮೆರಾ ಹಿಡಿದವರು ವಾರಕ್ಕೊಮ್ಮೆ ಹೋಗುತ್ತಾರೆ, ಉಳಿಯಿತು. ಹಾನಗಲ್ಲಿನ, ಹೊಸನಗರದ ಮೂಲೆಯ ಜಾಗಕ್ಕೆ ಅಂಥ ವಕೀಲರಿಲ್ಲ. ಅದಕ್ಕೆ ಇರುವುದು ಆ ಪಟ್ಟಿಯೊಂದೇ.

ಇನ್ನು ಸೊಪ್ಪಿನ ಬೆಟ್ಟದವರ, ಅಂದರೆ ಅಡಿಕೆ ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟ ಕಾಡಿನ ಹಕ್ಕುದಾರರ ಆತಂಕ. ಡೀಮ್ಡ್ ಆದರೆ ನಮ್ಮ ಹಕ್ಕು ಹೋಯಿತು ಎಂದು ಊರೂರಲ್ಲಿ ಸಭೆಗಳಾದವು. ಬೆಟ್ಟದ ಹಕ್ಕೆಂದರೆ ಏನು? ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ದರಕು (ಉದುರಿದ ಒಣ ಎಲೆ), ಒಲೆಗೆ ಒಣ ಕಟ್ಟಿಗೆ, ದನಕ್ಕೆ ಮೇವು. ಇದು ಯಾವುದೂ ಕಾಡಲ್ಲದ ಬಳಕೆ ಅಲ್ಲ. 1980ರ ಕಾಯ್ದೆ ಇದನ್ನು ಮುಟ್ಟುವುದಿಲ್ಲ. ಡೀಮ್ಡ್ ಆದ ಮೇಲೆ ಮಾಡಲಾಗದ ಕೆಲಸ ಒಂದೇ, ಬೆಟ್ಟವನ್ನು ಹೆರೆದು ತೋಟ ಮಾಡುವುದು. ಅಸಲಿ ತಕರಾರು ಇರುವುದು ಅಲ್ಲೇ ಎಂದು ನನ್ನ ಗುಮಾನಿ.

ವಿರೋಧ: ನೋಡದೆ ಬರೆದ ಪಟ್ಟಿಯನ್ನು ನೋಡಿ ಅಳಿಸುವುದು ಯಾರ ಕೆಲಸ?

ಆ ಗುಮಾನಿಯಿಂದಲೇ ಶುರುಮಾಡೋಣ.

ಬೆಟ್ಟ ಹೆರೆದು ತೋಟ ಮಾಡಿದವರು ಇದ್ದಾರೆ. ಸರಿ. ಆದರೆ ಬೆಟ್ಟ ಇಲ್ಲಿಯವರೆಗೆ ಬೆಟ್ಟವಾಗಿ ಉಳಿದದ್ದು ಯಾರಿಂದ? ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟಿದ್ದಾರೆ. ಬ್ರಿಟಿಷರ ಕಾಲದಿಂದ ನಡೆದು ಬಂದದ್ದು. ಬೇಸಿಗೆಯಲ್ಲಿ ದರಕು ಗುಡಿಸಿ ಕಲ್ಲಿ ಎಂಬ ಬಲೆಚೀಲಕ್ಕೆ ತುಂಬಿ ಹೊರುವುದು, ಮಳೆ ಹಿಡಿದ ಮೇಲೆ ಹಸಿ ಸೊಪ್ಪು ಕೊಯ್ಯುವುದು, ಅದು ಕೊಟ್ಟಿಗೆಯಲ್ಲಿ ದನದ ಕಾಲಡಿ ಬಿದ್ದು ಸಗಣಿ ಗಂಜಲ ಹೀರಿ ಗೊಬ್ಬರಗುಂಡಿಗೆ ಹೋಗುವುದು, ಅಲ್ಲಿಂದ ಅಡಿಕೆ ಮರದ ಬುಡಕ್ಕೆ. ಈ ಸುತ್ತು ನಡೆಯಬೇಕಾದರೆ ಮರ ಬದುಕಿರಬೇಕು. ತಲೆ ಸವರಿದ ಮತ್ತಿ, ಹೊನ್ನೆ ಮರುವರ್ಷ ಚಿಗುರುವ ಹಾಗೆ ಕತ್ತಿ ಹಾಕುವುದು ಒಂದು ವಿದ್ಯೆ. ಬೆಂಕಿ ಬಿದ್ದರೆ ಸೊಪ್ಪಿನ ಟೊಂಗೆ ಹಿಡಿದು ಮೊದಲು ಓಡುವವನು ಬೆಟ್ಟದ ಹಕ್ಕುದಾರ, ಗಾರ್ಡ್ ಅಲ್ಲ. ಪಾಪ, ಗಾರ್ಡ್‌ಗೆ ಇರುವ ಬೀಟ್ ನೋಡಿದರೆ ಅವನಿಂದ ಆಗುವ ಕೆಲಸವೂ ಅಲ್ಲ.

ಸೊಪ್ಪು ಕೊಯ್ಯಲು 1980ರ ಕಾಯ್ದೆ ಅಡ್ಡ ಬರುವುದಿಲ್ಲ ಎಂಬುದು ಪುಸ್ತಕದಲ್ಲಿ ನಿಜ. ಊರಿನಲ್ಲಿ ಏನಾಗುತ್ತದೆ? ಒಂದು ಸರ್ವೆ ನಂಬರ್ ಡೀಮ್ಡ್ ಪಟ್ಟಿಯಲ್ಲಿದೆ ಎಂದು ಗೊತ್ತಾದ ದಿನದಿಂದ ಪ್ರತಿಯೊಂದಕ್ಕೂ ಎರಡು ಇಲಾಖೆ. ಬೆಟ್ಟದಲ್ಲಿ ಗಾಳಿಗೆ ಮರ ಬಿದ್ದು ಮನೆ ದಾರಿ ಮುಚ್ಚಿದರೆ ಕಂದಾಯದವರು ಅರಣ್ಯದವರನ್ನು ಕೇಳಿ ಎನ್ನುತ್ತಾರೆ, ಅರಣ್ಯದವರು ಇದು ನಮ್ಮದಲ್ಲ ಆದರೆ ಮುಟ್ಟಬೇಡಿ ಎನ್ನುತ್ತಾರೆ. ಮನೆಗೆ ಕರೆಂಟಿನ ಕಂಬ ಬರಬೇಕು, ಕುಡಿಯುವ ನೀರಿನ ಪೈಪು ಹಾಯಬೇಕು, ಅಬ್ಬಿ ನೀರಿಗೆ ಟ್ಯಾಂಕು ಕಟ್ಟಬೇಕು, ಎಲ್ಲಕ್ಕೂ 'ಡೀಮ್ಡ್ ಇದೆ' ಎಂಬ ಒಂದೇ ಉತ್ತರ. ಯಾರ ಸುಪರ್ದಿಯೂ ಅಲ್ಲದ ಜಾಗವನ್ನು ಯಾರೂ ಕಾಯುವುದಿಲ್ಲ. ಹಕ್ಕುದಾರನಿಗೂ ಅನಿಸುತ್ತದೆ, ನನ್ನದಲ್ಲ ಎಂದ ಮೇಲೆ ನಾನೇಕೆ ಬೆಂಕಿ ಆರಿಸಲಿ ಎಂದು. ಕಾಡು ಹಾಳಾಗುವ ಬಗೆಗಳಲ್ಲಿ ಇದೂ ಒಂದು, ಜೆಸಿಬಿಯಷ್ಟು ಸದ್ದು ಮಾಡುವುದಿಲ್ಲ ಅಷ್ಟೇ.

ಇನ್ನು, ಕೇಂದ್ರದ ಒಪ್ಪಿಗೆ ಕೇಳಿ ತೆಗೆದುಕೊಳ್ಳಿ, ಅದು ನಿಷೇಧವಲ್ಲ ಎಂಬ ಮಾತು. ಯಾರಿಗೆ ನಿಷೇಧವಲ್ಲ? ಗಣಿ ಕಂಪನಿಗೆ, ಹೆದ್ದಾರಿ ಗುತ್ತಿಗೆದಾರನಿಗೆ ಅದೊಂದು ಕಡತ. ಅವರಿಗೆ ಸಲಹೆಗಾರರಿದ್ದಾರೆ, ಬದಲಿ ಭೂಮಿ ಕೊಳ್ಳಲು, ಕಾಡಿನ ಬೆಲೆ ಕಟ್ಟಲು ಹಣವಿದೆ, ದೆಹಲಿಗೆ ಓಡಾಡಲು ಜನವಿದ್ದಾರೆ. ಮೂವತ್ತು ವರ್ಷದಿಂದ ಒಂದೂವರೆ ಎಕರೆಯಲ್ಲಿ ರಾಗಿ ಬೆಳೆಯುತ್ತಿರುವ ಮನುಷ್ಯ ಅದೇ ಒಪ್ಪಿಗೆ ಕೇಳಲು ಯಾವ ಬಾಗಿಲಿಗೆ ಹೋಗಬೇಕು? ಕಾನೂನು ಇಬ್ಬರಿಗೂ ಒಂದೇ ಎನ್ನುವುದು ಕೇಳಲು ಚೆಂದ. ದೊಡ್ಡವರು ಹಣ ಕೊಟ್ಟು ದಾಟುತ್ತಾರೆ, ಸಣ್ಣವರು ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ಚಳ್ಳಕೆರೆಯ ಉದಾಹರಣೆ ಕೊಟ್ಟಿರಿ. ಗೋದಾವರ್ಮನ್ ಆದೇಶ ಬಂದು ಹತ್ತು ವರ್ಷ ದಾಟಿದ ಮೇಲೇ ಆ ಕಾವಲುಗಳು ಹೋದದ್ದು. ಆದೇಶ ಗೋಡೆಯನ್ನು ತಡೆಯಲಿಲ್ಲ. ಕೋರ್ಟಿನವರೆಗೆ ಎಳೆದದ್ದು ಕುರಿಯವರು, ಊರವರು, ಅವರ ಜೊತೆ ನಿಂತ ಕೆಲವರು. ಕಾವಲು ಡೀಮ್ಡ್ ಅರಣ್ಯವಾಗಿದ್ದರೆ ಆ ಕುರಿಯವರೇ ಒಳಗೆ ಕಾಲಿಡಲು ಅನುಮತಿ ಕೇಳಬೇಕಾಗಿತ್ತೋ ಏನೋ.

ಪಟ್ಟಿ ಹೇಗೆ ಆಯಿತು ಎಂಬುದನ್ನೂ ನೋಡಬೇಕು. ತಿಂಗಳೊಳಗೆ ಸಮಿತಿ ಮಾಡಿ ಎಂದು ಕೋರ್ಟ್ ಹೇಳಿತ್ತು. ಇಷ್ಟು ದೊಡ್ಡ ರಾಜ್ಯದಲ್ಲಿ, ಇಷ್ಟು ಬಗೆಯ ಭೂಹಕ್ಕಿರುವ ಕಡೆ, ಕಡತ ನೋಡಿ ಪಟ್ಟಿ ತುಂಬುವುದೇ ಸುಲಭದ ದಾರಿ. ನೆಡುತೋಪುಗಳನ್ನೇ ನೋಡಿ. ಅರಣ್ಯೀಕರಣಕ್ಕೆಂದು ಅರಣ್ಯ ಇಲಾಖೆಗೆ ಕೊಟ್ಟ ಸಿ ಮತ್ತು ಡಿ ವರ್ಗದ (ಸಾಗುವಳಿಗೆ ಬಾರದ್ದೆಂದು ವಿಂಗಡಿಸಿದ) ಜಮೀನು ಹಾಸನ, ಚಿಕ್ಕಮಗಳೂರು, ಕೊಡಗಿನಲ್ಲಿ ಇವತ್ತಿಗೂ ಜಗಳದ ಮೂಲ. ಗೋಮಾಳದಲ್ಲಿ ಸಾಲಾಗಿ ನೆಟ್ಟ ನೀಲಗಿರಿ, ಅಕೇಶಿಯಾ ಮರಗಳನ್ನು ಎಣಿಸಿ ಕಾಡು ಎನ್ನಬಹುದೇ? ನೀಲಗಿರಿ ನೆಡುವುದನ್ನು 2017ರಲ್ಲಿ ಸರ್ಕಾರವೇ ನಿಷೇಧಿಸಿತು. ಇನ್ನೊಂದು ಕಡೆ, ಒಂದು ಮರವೂ ಇಲ್ಲದ ಹೆಸರಘಟ್ಟದಂಥ ಹುಲ್ಲುಗಾವಲು, ಬಯಲುಸೀಮೆಯ ಕುರುಚಲು. ಅವನ್ನು ಮರದ ಲೆಕ್ಕ ಹಿಡಿಯುವುದೇ ಇಲ್ಲ. ಉಳಿಸಬೇಕಾದದ್ದು ಬಲೆಯಿಂದ ಹೊರಗೆ, ಉಳಿಸಬೇಕಿಲ್ಲದ್ದು ಒಳಗೆ. ಇಂಥ ಪಟ್ಟಿಯನ್ನು ಪವಿತ್ರ ಎಂದುಕೊಂಡು 'ಮೊದಲು ಹಿಡಿದಿಡಿ' ಎಂದರೆ ಹಿಡಿದಿಟ್ಟದ್ದು ಏನನ್ನು? 2019ರಲ್ಲಿ ನಮ್ಮ ಹೈಕೋರ್ಟೇ ಡೀಮ್ಡ್ ಅರಣ್ಯವೆಂಬ ಪರಿಕಲ್ಪನೆ ಆ ಕಾಯ್ದೆಯಲ್ಲಿ ಇಲ್ಲ ಎಂದು ಹೇಳಿತ್ತು. ಪಟ್ಟಿಯಲ್ಲಿದೆ ಎಂದ ಮಾತ್ರಕ್ಕೆ ಆಗುವುದಿಲ್ಲ, ಆ ಜಾಗ ನಿಜಕ್ಕೂ ಕಾಡೇ ಎಂದು ನೋಡಬೇಕು ಎಂಬುದು ಅದರ ಸಾರ.

ಹಾಗೆಂದು 6.64 ಲಕ್ಷ ಹೆಕ್ಟೇರನ್ನು ಬಿಟ್ಟ ರೀತಿಯನ್ನು ನಾನು ಸಮರ್ಥಿಸಲಾರೆ. ಪರವಾದಿಯ ಒಂದು ಮಾತು ಒಪ್ಪುತ್ತೇನೆ: ತುಂಡು ತುಂಡಿಗೂ ಉತ್ತರ ಬೇಕು. ಆದರೆ ಅದೇ ಮಾತನ್ನು 9.94 ಲಕ್ಷಕ್ಕೂ ಕೇಳಬೇಕಲ್ಲ? ಸೇರಿಸುವಾಗ ಯಾರೂ ಕೇಳಲಿಲ್ಲ. ತೆಗೆಯುವಾಗ ಮಾತ್ರ ಸಾಕ್ಷಿ ಬೇಕು ಎನ್ನುವುದು ಯಾವ ನ್ಯಾಯ?

ಅಮೆರಿಕದ ಮಾತು ಬಂತು. 5,000 ಎಕರೆ, ರಸ್ತೆಯಿಲ್ಲದ್ದು. ಮಲೆನಾಡಿನಲ್ಲಿ 5,000 ಎಕರೆ ಕಂದಾಯ ಭೂಮಿ ಒಂದೇ ಕಡೆ, ದಾರಿಯಿಲ್ಲದೆ, ಮನೆಯಿಲ್ಲದೆ ಎಲ್ಲಿದೆ, ತೋರಿಸಿ. ಅವರ 1964ರ ಕಾಯ್ದೆಯ ಪ್ರಕಾರ ವನ್ಯಪ್ರದೇಶವೆಂದರೆ ಮನುಷ್ಯ ಬಂದು ಹೋಗುವ ಜಾಗ, ನೆಲೆಸುವ ಜಾಗವಲ್ಲ. ಆ ಮಾತು ಬರೆಯುವ ಮೊದಲೇ ಯೊಸೆಮಿಟಿ, ಯೆಲ್ಲೋಸ್ಟೋನ್ ಕಡೆಯ ಮೂಲನಿವಾಸಿಗಳನ್ನು ಅಲ್ಲಿಂದ ಎಬ್ಬಿಸಿ ಆಗಿತ್ತು. ಖಾಲಿ ಮಾಡಿ, ಆಮೇಲೆ ಇದು ಖಾಲಿ ಜಾಗ ಎಂದರು. ಸೊರಬದ ಕಾನಿನಲ್ಲಿ ಚೌಡಿ ಇದ್ದಾಳೆ ಎಂದರೆ ಪೂಜೆಗೆ ಹೋಗುವವರು ಇದ್ದಾರೆ ಎಂದು; ಮೆಣಸು ಇದೆ ಎಂದರೆ ಕೊಯ್ಯುವವರು ಇದ್ದರು ಎಂದು. 1868ರಲ್ಲಿ ಬ್ರಾಂಡಿಸ್ ಬರುವ ಮೊದಲೂ ಕಾನು ಜನರ ಕೈಯಲ್ಲೇ ಇತ್ತು. ಕಾಡೆಂದರೆ ಜನ ಬೇಡ ಎಂಬ ಲೆಕ್ಕ ಇಲ್ಲಿನದಲ್ಲ.

ದಾಖಲೆ ಮತ್ತು ಜನರ ನಡುವಿನ ಜಗಳಕ್ಕೆ ಶರಾವತಿಯವರಿಗಿಂತ ದೊಡ್ಡ ಸಾಕ್ಷಿ ಬೇಡ. ಲಿಂಗನಮಕ್ಕಿ ಅಣೆಕಟ್ಟಿಗೆ, 1964ರ ಹೊತ್ತಿಗೆ, ಮನೆ ಗದ್ದೆ ಬಿಟ್ಟು ಬಂದವರನ್ನು ಸರ್ಕಾರವೇ ಲಾರಿಯಲ್ಲಿ ತಂದು ಕಾಡಿನಂಚಿಗೆ ಇಳಿಸಿತು. ಆ ಜಾಗ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. ಮುಂದೆ ಅದನ್ನು ಬಿಡುಗಡೆ ಮಾಡಿ ಹೊರಡಿಸಿದ ಅಧಿಸೂಚನೆಗಳು, ಕೇಂದ್ರದ ಒಪ್ಪಿಗೆ ಇಲ್ಲ ಎಂಬ ಕಾರಣಕ್ಕೆ, 2021ರಲ್ಲಿ ಹೈಕೋರ್ಟಿನಲ್ಲಿ ಬಿದ್ದವು. ನಾಡಿಗೆ ಕರೆಂಟು ಕೊಟ್ಟವರ ಮೂರನೇ ತಲೆಮಾರು ಹಕ್ಕುಪತ್ರಕ್ಕೆ ಅಲೆಯುತ್ತಿದೆ. ಅದು ಡೀಮ್ಡ್ ಅಲ್ಲ, ಅಧಿಸೂಚಿತ ಅರಣ್ಯ, ಬೇರೆ ವಿಷಯ ಎನ್ನಬಹುದು. ಆದರೆ ಒಮ್ಮೆ ಕಾಗದದಲ್ಲಿ ಕಾಡು ಎಂದು ಬಿದ್ದರೆ ಅದನ್ನು ಸರಿಪಡಿಸಲು ಎಷ್ಟು ತಲೆಮಾರು ಬೇಕು ಎಂಬುದಕ್ಕೆ ಬೇರೆ ಲೆಕ್ಕ ಬೇಕಾಗಿಲ್ಲ.

ಹಾಗಾದರೆ ಕಾನು, ಕಾವಲು ಹೋಗಲಿ ಎನ್ನುವುದೇ? ಇಲ್ಲ. ಉಳಿಸಲು ಬೇರೆ ಕಾನೂನುಗಳಿವೆ, ಅವು ಜಾಗವನ್ನು ನೋಡಿ, ಜನರನ್ನು ಕೇಳಿ ಮಾಡುವಂಥವು. ಸಾಗರದ ಅಂಬಾರಗುಡ್ಡ ಕಂದಾಯ ಭೂಮಿ. ಶರಾವತಿ ಮತ್ತು ಸೋಮೇಶ್ವರ ಅಭಯಾರಣ್ಯಗಳ ನಡುವೆ ಇರುವ ಶೋಲಾ ಕಾಡು ಮತ್ತು ಹುಲ್ಲುಗಾವಲು. ಅಲ್ಲಿ ಗಣಿಗಾರಿಕೆ ಬಂದಾಗ ಊರಿನವರು, ಸುತ್ತಲಿನವರು ಹೋರಾಡಿದರು. 2002ರ ಜೀವವೈವಿಧ್ಯ ಕಾಯ್ದೆಯಡಿ ಅದು ಪಾರಂಪರಿಕ ತಾಣವಾಯಿತು, ಸುಮಾರು 3,857 ಹೆಕ್ಟೇರ್. ದೇವನಹಳ್ಳಿಯ ನಲ್ಲೂರು ಹುಣಸೆ ತೋಪು ಅದೇ ಕಾನೂನಿನಲ್ಲಿ, ದೇಶದಲ್ಲೇ ಮೊದಲನೆಯದಾಗಿ, 2007ರಲ್ಲಿ ಉಳಿಯಿತು. ಪರವಾದಿಯೇ ಹೊಗಳಿದ ಹೆಸರಘಟ್ಟ ಉಳಿದದ್ದು ವನ್ಯಜೀವಿ ಕಾಯ್ದೆಯ 36ಎ ಕಲಮಿನಲ್ಲಿ. ಸರ್ಕಾರಿ ಭೂಮಿಯನ್ನು, ಸ್ಥಳೀಯರ ಜೊತೆ ಮಾತಾಡಿದ ಮೇಲೆ, ಮೀಸಲು ಮಾಡುವ ಕಲಮು ಅದು. ಡೀಮ್ಡ್ ಪಟ್ಟಿ ಹೆಸರಘಟ್ಟವನ್ನು ಕಾಯಲಿಲ್ಲ, ಕಾದದ್ದು ಜನ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಗ್ರಾಮಸಭೆಗೆ ಸಮುದಾಯದ ಕಾಡನ್ನು ಕಾಯುವ ಹಕ್ಕನ್ನೇ ಕೊಟ್ಟಿದೆ. ನಮ್ಮ ರಾಜ್ಯದಲ್ಲಿ ಅದನ್ನು ಮನಸ್ಸಿಟ್ಟು ಬಳಸಿದ್ದು ಕಡಿಮೆ, ಯಾಕೆಂದರೆ ಅದರಲ್ಲಿ ಇಲಾಖೆಯ ಕುರ್ಚಿ ಸ್ವಲ್ಪ ಕೆಳಗಿಳಿಯುತ್ತದೆ.

ಇವೆಲ್ಲ ನಿಧಾನದ ಕೆಲಸ, ಅಷ್ಟರಲ್ಲಿ ಕಾನು ಕರಗುತ್ತದೆ ಎಂಬ ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಸಿಪ್ಪೆ ಸುಲಿದ ಮರ ಗ್ರಾಮಸಭೆಯ ದಿನಾಂಕಕ್ಕೆ ಕಾಯುವುದಿಲ್ಲ, ನಿಜ. ಆದರೆ ಮರ ಒಣಗಿಸುವುದು ಡೀಮ್ಡ್ ಇದ್ದರೂ ಇಲ್ಲದಿದ್ದರೂ ಅಪರಾಧವೇ. ಮರ ಸಂರಕ್ಷಣೆಗೆ 1976ರಿಂದ ರಾಜ್ಯದ್ದೇ ಕಾಯ್ದೆಯಿದೆ. ಒಂದು ಕಾನೂನನ್ನು ಜಾರಿ ಮಾಡದವರು ಇನ್ನೊಂದು ಹಣೆಪಟ್ಟಿ ಅಂಟಿಸಿದ ಕೂಡಲೇ ಎದ್ದು ಓಡಾಡುತ್ತಾರೆ ಎಂದು ನಂಬಲು ನಾನು ತಯಾರಿಲ್ಲ.

ಈಗ ಮತ್ತೆ ಸಮಿತಿಗಳ ಕಾಲ ಬಂದಿದೆ. ಒಂದು ಎಕರೆ ಬಗರ್ ಹುಕುಂ ಸಾಗುವಳಿ ಚೀಟಿಗೆ ಶಾಸಕರ ಅಧ್ಯಕ್ಷತೆಯ ಸಮಿತಿ ಕೂರಬೇಕು, ಸ್ಥಳ ತನಿಖೆ ಆಗಬೇಕು, ನಕ್ಷೆಯಾಗಬೇಕು, ಗ್ರಾಮ ಆಡಳಿತ ಅಧಿಕಾರಿಯಿಂದ ತಹಶೀಲ್ದಾರರವರೆಗೆ ಸಹಿ ಬೀಳಬೇಕು. ಒಂದು ತಾಲ್ಲೂಕಿನ ಸಾವಿರಾರು ಎಕರೆಯನ್ನು ಕಾಡೆಂದು ಬರೆಯುವುದಕ್ಕೂ, ಕಾಡಲ್ಲವೆಂದು ಹೊಡೆದುಹಾಕುವುದಕ್ಕೂ ಇದರ ಕಾಲು ಭಾಗದಷ್ಟಾದರೂ ತಾಪತ್ರಯ ಇರಲಿ. ವರದಿ ದೆಹಲಿಗೆ ಹೋಗುವ ಮುಂಚೆ ಸರ್ವೆ ನಂಬರ್, ವಿಸ್ತೀರ್ಣ, ಚಕ್ಕುಬಂದಿ ಸಮೇತ ಕನ್ನಡದಲ್ಲಿ ಗ್ರಾಮ ಪಂಚಾಯಿತಿಯ ಬೋರ್ಡಿಗೆ ಬರಲಿ. ಮೂವತ್ತು ದಿನ ತಕರಾರಿಗೆ ಬಿಡಲಿ. ನನ್ನ ಬೆಟ್ಟ ಸೇರಿದೆ ಎನ್ನುವವನೂ, ನಮ್ಮೂರ ಕಾನು ಬಿಟ್ಟುಹೋಗಿದೆ ಎನ್ನುವವಳೂ ಅದೇ ಬೋರ್ಡಿನ ಮುಂದೆ ಅರ್ಜಿ ಬರೆದು ಕೊಡಲಿ, ಇಬ್ಬರಿಗೂ ಸ್ವೀಕೃತಿ ಸಿಗಲಿ.